ಬೀದರಿನ ಬಿದರಿ ಕೆಲಸ: ದ್ರವ್ಯನಾಮಗಳ ಮೇಲಿಂದ ಕೆಲವು ವಿಚಾರಗಳು

ಕನ್ನಡನಾಡಿನ ಸಣ್ಣ ಊರುಗಳಲ್ಲಿ ಅನೇಕವು ದೇವಾಲಯದಿಂದಾಗಲಿ ಕೋಟೆಯಿಂದಾಗಲಿ ಪ್ರಸಿದ್ಧಿಗೆ ಬಾರದೆ, ಅಲ್ಲಿಯ ಜನರ ಕೈಗೆಲಸದಿಂದಲೇ ಹೆಸರಾಗಿರುವುವು. ಇಳಕಲ್ಲೆಂದೊಡನೆ ಸೀರೆಯೂ, ಗುಳೇದಗುಡ್ಡವೆಂದೊಡನೆ ಖಣವೂ, ಚನ್ನಪಟ್ಟಣವೆಂದೊಡನೆ ಅರಗಿನ ಬಣ್ಣದ ಗೊಂಬೆಯೂ, ಕಿನ್ನಾಳವೆಂದೊಡನೆ ಚಿತ್ರಗಾರರ ಮರದ ವಿಗ್ರಹಗಳೂ, ಸಾಗರ ಸೊರಬಗಳೆಂದೊಡನೆ ಗುಡಿಗಾರರ ಗಂಧದ ಕೆತ್ತನೆಯೂ ನೆನಪಿಗೆ ಬರುವುವು. ಇವುಗಳಲ್ಲೆಲ್ಲ ವಸ್ತುವಿಗೆ ತನ್ನದೇ ಆದ ಹೆಸರೊಂದಿದ್ದು, ಊರಿನ ಹೆಸರು ಅದಕ್ಕೆ ವಿಶೇಷಣವಾಗಿ ನಿಲ್ಲುತ್ತದೆ. ಬೀದರಿನಲ್ಲಿ ಮಾತ್ರ ಊರಿನ ಹೆಸರೇ ವಸ್ತುವಿನ ಹೆಸರಾಗಿದೆ. ಕರಿಯ ಮೈಯ ಮೇಲೆ ಬೆಳ್ಳಿಯ ಬಳ್ಳಿ ಹರಿದಿರುವ ಆ ಪಾತ್ರೆಯನ್ನು ಕನ್ನಡಿಗರೂ ಉರ್ದೂ ಮಾತಿನವರೂ ಉತ್ತರದೇಶದ ವರ್ತಕರೂ ಒಂದೇ ಸಮನಾಗಿ ‘ಬಿದರಿ’ ಎನ್ನುವರು. ಪಾತ್ರೆಯೆಂಬ ಮಾತನ್ನು ಸೇರಿಸಬೇಕಾದ ಅಗತ್ಯವೂ ಇಲ್ಲ.

ಈ ಕಸುಬು ನಮ್ಮ ನೆಲಕ್ಕೆ ಹೇಗೆ ಬಂದಿತೆಂಬ ಪ್ರಶ್ನೆಗೆ ಎರಡು ಉತ್ತರಗಳು ಪ್ರಚಾರದಲ್ಲಿವೆ. ಇರಾನಿನಿಂದ ಬಂದ ಕುಶಲಿಯೊಬ್ಬನು ಬಹಮನೀ ಸುಲ್ತಾನನ ಆಶ್ರಯದಲ್ಲಿ ಇದನ್ನು ಸಿದ್ಧರೂಪದಲ್ಲಿಯೇ ತಂದು ನೆಟ್ಟನೆಂಬುದು ಒಂದು. ಇದು ಆದ್ಯಂತವಾಗಿ ಇಲ್ಲಿಯದೇ, ಹೊರಗಿನವರು ಬಂದು ಹೆಸರು ಪಡೆದರು ಎಂಬುದು ಮತ್ತೊಂದು. ಮೊದಲನೆಯದು ಮಾರ್ಗದರ್ಶಿ ಪುಸ್ತಕಗಳಲ್ಲಿಯೂ ಪಾಠಗಳಲ್ಲಿಯೂ ನಿರ್ಣಯವೆಂಬಂತೆ ಅಚ್ಚಾಗುತ್ತಿದೆ. ಎರಡನೆಯದು ಸಭೆಗಳಲ್ಲಿ ಆವೇಶದಿಂದ ನುಡಿಯಲ್ಪಡುತ್ತಿದೆ. ಇವೆರಡರಲ್ಲಿ ಯಾವುದೂ ಆ ಪಾತ್ರೆಯು ಯಾವ ಯಾವ ದ್ರವ್ಯಗಳಿಂದ ಆಗಿದೆ, ಆ ದ್ರವ್ಯಗಳಿಗೆ ಯಾವ ಯಾವ ಭಾಷೆಯ ಹೆಸರುಗಳಿವೆ ಎಂದು ಕೇಳಿದಂತೆ ತೋರುವುದಿಲ್ಲ. ಶಾಸನವೂ ಕೃತಿಯೂ ಮೌನವಾಗಿರುವ ಎಡೆಯಲ್ಲಿ ಶಬ್ದವೇ ಸಾಕ್ಷಿಯಾಗಬಲ್ಲುದು. ಆ ಸಾಕ್ಷಿಯನ್ನು ವಿಚಾರಿಸುವುದಕ್ಕಾಗಿ ಈ ಲೇಖನವನ್ನು ಬರೆದಿದೆ.

ಮೊದಲು ಊರು. ಬೀದರು ಕರ್ಣಾಟಕದ ಈಶಾನ್ಯದ ತುದಿಯಲ್ಲಿ, ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲಿನ ಅಂಚಿನಲ್ಲಿ ನಿಂತಿದೆ. ಕನ್ನಡ, ತೆಲುಗು, ಮರಾಠಿ ಮೂರು ಸೇರುವ ಎಡೆಯದು. ಅವುಗಳೊಡನೆ ದಖ್ಖನೀ ಉರ್ದುವೂ ಅಲ್ಲಿಯ ಮನೆಮಾತು. ಬಹಮನೀ ಸುಲ್ತಾನ ಅಹಮದ್ ಶಹನು (1422–1436) ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಬಹಮನಿಗಳ ತರುವಾಯ ಬರೀದಶಾಹಿಗಳು, 1619ರಲ್ಲಿ ವಿಜಾಪುರದವರು, 1657ರಲ್ಲಿ ಔರಂಗಜೇಬನು, ಆಮೇಲೆ ಹೈದರಾಬಾದಿನ ನಿಜಾಮರು ಇದನ್ನು ಆಳಿದರು. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿ, 1956ರಲ್ಲಿ ಬೀದರು ಮೈಸೂರು ರಾಜ್ಯಕ್ಕೆ ಬಂದಿತು. ಈಗ ಊರು ಗೋಡೆಯಿಂದಾಚೆ ಬಹಳ ದೂರ ಬೆಳೆದಿದೆಯಾದರೂ ಕೋಟೆಗೋಡೆಯೊಳಗಣ ಹಳೆಯ ಊರು ನಡೆದು ನೋಡಿ ಮುಗಿಸಬಹುದಾದಷ್ಟು ಚಿಕ್ಕದು. ನಾಲ್ಕು ಬೀದಿಗಳು ಕೂಡುವಲ್ಲಿ ಚೌಬಾರವೆಂಬ ದುಂಡುಗೋಪುರವಿದೆ. ಅಲ್ಲಿಂದ ಮಹಮೂದ್ ಗವಾನನ ಮದ್ರಸೆಯ (1472) ಕಡೆಗೆ ಹೋಗುವ ದಾರಿಯಲ್ಲಿ ಬಿದರಿಯ ಅಂಗಡಿಗಳು; ಅಂಗಡಿಯ ಹಿಂದೆಯೇ ಕೆಲಸದ ಮನೆಗಳು. ಸುತ್ತಿಗೆಯ ಸಣ್ಣ ದನಿ ಬೀದಿಗೇ ಕೇಳಿಸುತ್ತದೆ.

ಊರಿನ ಹೆಸರಿನ ವಿಷಯದಲ್ಲಿ ಎರಡು ಮಾತು. ಮಹಾಭಾರತದ ವಿದುರನು ಇಲ್ಲಿದ್ದನೆಂದೂ, ಆದುದರಿಂದ ಇದು ವಿದುರನಗರವೆಂದೂ ಸ್ಥಳದ ಜನರು ಹೇಳುವರು. ಪಾರಸೀ ಚರಿತ್ರಕಾರ ಫಿರಿಸ್ತನಾದರೋ ಇದನ್ನು ದಮಯಂತಿಯ ತಂದೆ ಭೀಮರಾಜನ ರಾಜಧಾನಿಯೆಂದು ಬರೆದಿರುವನು, ಅಂದರೆ ವಿದರ್ಭವೆಂದು ಭಾವಿಸಿರುವನು. ವಿದರ್ಭವು ವರಾಡದ ಪ್ರಾಂತವೆಂಬುದು ಎಲ್ಲರಿಗೂ ವಿದಿತವಾಗಿರುವುದರಿಂದ ಆ ಮಾತನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. ವಿದುರನ ಕಥೆಯೂ ಶಬ್ದಸಾಮ್ಯದಿಂದ ಹುಟ್ಟಿದುದೇ. ‘ಬಿದಿರು’ ಎಂಬ ಅಚ್ಚಗನ್ನಡದ ಮಾತೇ ಇಲ್ಲಿ ಮೂಲವೆನ್ನುವುದು ಸಹಜವಾದುದು. ತುಳುನಾಡಿನ ಮೂಡಬಿದಿರೆಯೂ ಇದೇ ಮಾತಿನಿಂದ ಹುಟ್ಟಿದೆ. ಬಿದಿರ ಮೆಳೆಯ ಹೆಸರು ಪಾರಸೀ ಲಿಪಿಯಲ್ಲಿ ಹೊಕ್ಕು ‘ಬೀದರ್’ ಆಗಿ, ಅದಕ್ಕೆ ಪಾರಸೀಯ ಸಂಬಂಧಸೂಚಕವಾದ ‘ಈ’ ಪ್ರತ್ಯಯ ಸೇರಿ ‘ಬೀದರೀ’ ಎಂದಾಯಿತು. ಪ್ರಕೃತಿ ಕನ್ನಡದ್ದು, ಪ್ರತ್ಯಯ ಪಾರಸೀಯದು. ಈ ಸಂಧಿಯನ್ನು ವಾಚಕರು ಗಮನದಲ್ಲಿಟ್ಟಿರಬೇಕೆಂದು ಕೋರುತ್ತೇನೆ. ಮುಂದೆ ಹೇಳುವುದಕ್ಕೆಲ್ಲ ಇದೇ ಸೂಚನೆ.

ಇನ್ನು ಐತಿಹ್ಯ. ಅಬ್ದುಲ್ಲಾ ಬಿನ್ ಕೈಸರ್ ಎಂಬ ಇರಾನಿನ ಕುಶಲಿಯು ಅಹಮದ್ ಶಹನ ಕಾಲದಲ್ಲಿ ಬಂದು ಅರಮನೆಯ ಅಲಂಕಾರಕ್ಕೆ ಕೈಹಾಕಿ, ಇಲ್ಲಿಯವರಿಗೆ ಈ ವಿದ್ಯೆಯನ್ನು ಕಲಿಸಿದನೆಂಬುದು ಅದರ ಸಾರ. ಇರಾನಿನಿಂದ ಜನರು ಬಂದರೆಂಬುದರಲ್ಲಿ ಯಾವ ಸಂದೇಹವೂ ಇಲ್ಲ. ಅಹಮದ್ ಶಹನು ಕಿರ್ಮಾನಿನ ಸೂಫಿ ಗುರು ಶಾ ನಿಯಾಮತುಲ್ಲನನ್ನು ಆಹ್ವಾನಿಸಿದನು. ಗುರುವು ತಾನು ಬಾರದೆ ಮೊಮ್ಮಗನನ್ನು ಕಳುಹಿಸಿದನು. ಗುರುವಿನ ಮರಣಾನಂತರ ಮಗ ಖಲೀಲುಲ್ಲನೇ ಬಂದನು. ಆತನ ಸಮಾಧಿಯಾದ ಚೌಖಂಡಿಯ ಬಾಗಿಲಿನ ಮೇಲಿನ ಅಕ್ಷರಗಳನ್ನು ಬರೆದವನು ಶೀರಾಜಿನ ಮುಘೀಸನು. ಮದ್ರಸೆಯನ್ನು ಕಟ್ಟಿಸಿದ ಮಹಮೂದ್ ಗವಾನನೂ ಇರಾನಿನ ಗೀಲಾನಿನವನೇ. ಲಿಪಿಕಾರರೂ ವಾಸ್ತುಕಾರರೂ ಬಂದಿರುವಲ್ಲಿ ಲೋಹಕಾರನೊಬ್ಬನು ಬಂದಿರಲಾರನೆಂದು ಯಾರು ಹೇಳಿಯಾರು?

ಆದರೆ ಬಂದಿರಬಹುದೆಂಬುದು ಬೇರೆ, ಈ ಕಸುಬನ್ನೇ ಆಗ ತಂದನೆಂಬುದು ಬೇರೆ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಈ ದೇಶದಲ್ಲಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಬೀದರಿನಲ್ಲಿ ಬಹುಕಾಲ ನಿಂತು, ಸುಲ್ತಾನನ ಮೆರವಣಿಗೆಯನ್ನೂ ಪೇಟೆಯ ಕುದುರೆ ರೇಷ್ಮೆಗಳನ್ನೂ ವರ್ಣಿಸಿರುವನು. ಬೆಳ್ಳಿ ಕೂರಿಸಿದ ಕರಿಯ ಪಾತ್ರೆಯ ಮಾತು ಆತನಲ್ಲಿ ಬರುವುದಿಲ್ಲ. ಒಬ್ಬನು ಹೇಳದಿದ್ದ ಮಾತ್ರಕ್ಕೆ ವಸ್ತುವು ಇರಲಿಲ್ಲವೆಂದಾಗುವುದಿಲ್ಲ, ನಿಜ. ಆದರೂ ವರ್ತಕನ ಕಣ್ಣಿಗೆ ಬೀಳತಕ್ಕ ಸರಕಿದು. ಇದಕ್ಕಿಂತ ಬಲವಾದ ಸಾಕ್ಷಿಯು ಪಾತ್ರೆಗಳಲ್ಲಿಯೇ ಉಂಟು. ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಬಿದರಿಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಗುಡುಗುಡಿಯ ಬುಡದ ನೀರಿನ ಪಾತ್ರೆ. ಹೊಗೆಸೊಪ್ಪು ಪೋರ್ತುಗೀಜರಿಂದ ಈ ದೇಶಕ್ಕೆ ಬಂದುದು. ಅಕ್ಬರನ ದೂತ ಅಸದ್ ಬೇಗನು 1604ರಲ್ಲಿ ವಿಜಾಪುರದಿಂದ ಹೊಗೆಸೊಪ್ಪನ್ನೂ ಸೇದುವ ಕೊಳವೆಯನ್ನೂ ಕೊಂಡೊಯ್ದು ಬಾದಶಹನಿಗೆ ಒಪ್ಪಿಸಿದಾಗ, ಆಸ್ಥಾನದ ವೈದ್ಯರು ಇದು ಯಾವ ಗ್ರಂಥದಲ್ಲಿಯೂ ಇಲ್ಲವೆಂದು ಚರ್ಚೆಗೆ ನಿಂತರು. ಹಾಗಾದ ಮೇಲೆ ಗುಡುಗುಡಿಯ ಬಿದರಿಗಳೆಲ್ಲ ಅಹಮದ್ ಶಹನು ತೀರಿದ ಒಂದೂವರೆ ಶತಮಾನಕ್ಕೂ ಈಚಿನವು. ತಟ್ಟೆ, ಎಲೆಯಡಿಕೆಯ ಪೆಟ್ಟಿಗೆ, ಪೀಕದಾನಿ, ಹೂಜಿಗಳಿಗೆ ಈ ವಾದವು ತಾಗದೆಂಬುದೂ ಸರಿಯೆ. ಆದರೆ ಈಗ ಉಳಿದಿರುವ ಪಾತ್ರೆಗಳಲ್ಲಿ ನಿಶ್ಚಯವಾಗಿ ಕಾಲ ಹೇಳಬಹುದಾದವು 17ನೆಯ ಶತಮಾನದಿಂದ ಮೊದಲಾಗುವುವು. 15ನೆಯ ಶತಮಾನವೆಂದು ನಿರ್ಧಾರವಾಗಿ ಬರೆಯುವವರು ಐತಿಹ್ಯವನ್ನೇ ಶಾಸನವೆಂದು ಓದಿದಂತಾಗುವುದು.

ಈಗ ದ್ರವ್ಯಗಳಿಗೆ ಬರೋಣ. ಬಿದರಿಯ ಮೈ ಉಕ್ಕಲ್ಲ, ಹಿತ್ತಾಳೆಯಲ್ಲ, ಅದು ಸತು. ಈಗಿನ ಕೆಲಸದವರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಕೂಡಿಸುವರು. ಕಂಪನಿಯ ಕಾಲದ ವೈದ್ಯ ಬೆಂಜಮಿನ್ ಹೇನನು ಈ ಕೆಲಸವನ್ನು ವಿವರಿಸುವಾಗ ಸೀಸ ತವರಗಳನ್ನೂ ಸ್ವಲ್ಪ ಸೇರಿಸುತ್ತಿದ್ದುದನ್ನು ಹೇಳಿರುವನು. ಹೇಗಿದ್ದರೂ ಹೆಚ್ಚಿನ ಪಾಲು ಸತುವಿನದೇ. ಇಲ್ಲಿಯೇ ಐತಿಹ್ಯದ ಗಂಟು ಬಿಚ್ಚಿಕೊಳ್ಳುತ್ತದೆ.

ಸತುವನ್ನು ಅದಿರಿನಿಂದ ತೆಗೆಯುವುದು ಬೇರೆ ಲೋಹಗಳನ್ನು ತೆಗೆದಂತಲ್ಲ. ಅದಿರು ಲೋಹವಾಗಬೇಕಾದ ಕಾವಿನಲ್ಲಿ ಸತು ದ್ರವವಾಗಿ ನಿಲ್ಲದೆ ಆವಿಯಾಗಿ ಹೋಗುವುದು. ಗಾಳಿ ತಾಗಿದರೆ ಆ ಆವಿಯು ಬಿಳಿಯ ಬೂದಿಯಾಗುವುದು. ಆದುದರಿಂದ ಮುಚ್ಚಿದ ಮೂಸೆಯಲ್ಲಿ ಕಾಸಿ, ಆವಿಯನ್ನು ಕೆಳಕ್ಕಿಳಿಸಿ, ತಣ್ಣನೆಯ ಎಡೆಯಲ್ಲಿ ಹಿಡಿಯಬೇಕು. ಈ ಉಪಾಯವನ್ನು ನಮ್ಮ ರಸಶಾಸ್ತ್ರದವರು ಬಲ್ಲವರಾಗಿದ್ದರು. ವಾಗ್ಭಟನ ಹೆಸರಿನಲ್ಲಿರುವ ರಸರತ್ನಸಮುಚ್ಚಯದಲ್ಲಿ ‘ರಸಕ’ವೆಂಬ ಅದಿರನ್ನು ಅರಿಸಿನ, ತ್ರಿಫಲೆ, ರಾಳ, ಉಪ್ಪು ಮೊದಲಾದವುಗಳೊಡನೆ ಅರೆದು, ಬದನೆಕಾಯಿಯ ಆಕಾರದ ಮೂಸೆಯಲ್ಲಿ ತುಂಬಿ ಕಾಸಬೇಕೆಂದೂ, ಜ್ವಾಲೆಯು ನೀಲಿಯಿಂದ ಬಿಳುಪಿಗೆ ತಿರುಗಿದಾಗ ತವರದಂತೆ ಹೊಳೆಯುವ ‘ಸತ್ತ್ವ’ವು ಇಳಿಯುವುದೆಂದೂ ಹೇಳಿದೆ. ಇದು ಪುಸ್ತಕದ ಕಲ್ಪನೆಯೆಂದು ಬಹುಕಾಲ ನಂಬಿದ್ದವರಿಗೆ ಉತ್ತರವು ನೆಲದಿಂದಲೇ ಬಂದಿತು. 1983ರಲ್ಲಿ ರಾಜಸ್ಥಾನದ ಉದಯಪುರದ ಹತ್ತಿರ ಜಾವರದಲ್ಲಿ ಅಗೆದಾಗ, ಒಂದೊಂದು ಒಲೆಯಲ್ಲಿ ಮೂವತ್ತಾರು ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಜೋಡಿಸಿದ್ದ ಸಾಲುಗಳು ದೊರೆತುವು. ಮೂಸೆಗಳ ಆಕಾರ ಬದನೆಕಾಯಿಯದೇ! ಯೂರೋಪಿನಲ್ಲಿ ಚಾಂಪಿಯನ್ ಎಂಬವನು ಬ್ರಿಸ್ಟಲ್ಲಿನಲ್ಲಿ ಇಂತಹದೇ ವಿಧಾನಕ್ಕೆ ಹಕ್ಕುಪತ್ರ ಪಡೆದುದು 1738ರಲ್ಲಿ. ಅದಕ್ಕೆ ನಾಲ್ಕಾರು ಶತಮಾನಗಳ ಹಿಂದೆಯೇ ಜಾವರದ ಒಲೆಗಳು ಉರಿಯುತ್ತಿದ್ದುವು.

ಪಾರಸೀಕರಿಗೆ ಈ ಲೋಹವು ಎಷ್ಟು ಪರಿಚಿತವಾಗಿದ್ದಿತು? ಇದಕ್ಕೆ ಅಬುಲ್ ಫಜಲನೇ ಸಾಕ್ಷಿ. ಐನೇ ಅಕ್ಬರಿಯಲ್ಲಿ ಲೋಹಗಳ ಉತ್ಪತ್ತಿಯನ್ನು ಹೇಳುವಾಗ ಅವನು ‘ಜಸ್ತ್’ ಎಂಬುದನ್ನು ಎತ್ತಿಕೊಂಡು, ಕೆಲವರು ಇದನ್ನು ‘ರೂಹೇ ತೂತಿಯಾ’ ಎನ್ನುವರೆಂದೂ, ತತ್ತ್ವಶಾಸ್ತ್ರದ ಗ್ರಂಥಗಳಲ್ಲಿ ಇದರ ಮಾತೇ ಇಲ್ಲವೆಂದೂ, ಹಿಂದೂಸ್ಥಾನದಲ್ಲಿ ಅಜಮೀರ ಸುಬೆಯ ಜಾಲೋರಿನಲ್ಲಿ ಇದರ ಗಣಿಯುಂಟೆಂದೂ ತಿಳಿಸಿರುವನು. (ಜಾಲೋರ್, ಜಾವರ್ ಎಂಬವಕ್ಕೆ ಪಾರಸೀ ಲಿಪಿಯಲ್ಲಿ ಒಂದೇ ಅಕ್ಷರದ ಅಂತರವಿರುವುದರಿಂದ ಇಲ್ಲಿ ಲಿಪಿಕಾರನ ಕೈ ತಪ್ಪಿರಬಹುದೆಂದು ನನಗೆ ತೋರುತ್ತದೆ.) ಗ್ರೀಕರಿಂದಲೂ ಅರಬರಿಂದಲೂ ಬಂದ ವಿದ್ಯೆಯನ್ನು ಅರಗಿಸಿಕೊಂಡಿದ್ದ ಅಂತಹ ಪಂಡಿತನೇ 16ನೆಯ ಶತಮಾನದ ಕೊನೆಯಲ್ಲಿ ಈ ಲೋಹವು ತನ್ನ ಗ್ರಂಥಗಳಲ್ಲಿ ಇಲ್ಲವೆನ್ನುವಾಗ, ಅದಕ್ಕೂ ನೂರೈವತ್ತು ವರ್ಷ ಮೊದಲು ಇರಾನಿನಿಂದ ಬಂದ ಕುಶಲಿಯು ಸತುವಿನ ಪಾತ್ರೆಯ ಕಸುಬನ್ನು ಸಿದ್ಧವಾಗಿ ಹೊತ್ತು ತಂದನೆಂಬುದು ಹೇಗೆ ಒಪ್ಪಬೇಕಾದ ಮಾತು?

ಹೆಸರುಗಳನ್ನು ಇನ್ನೂ ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ‘ರೂಹೇ ತೂತಿಯಾ’ ಎಂದರೆ ತೂತಿಯಾದ ಆತ್ಮ, ಸಾರ. ‘ರಸಕಸತ್ತ್ವ’ವೆಂದರೂ ರಸಕದ ಸಾರವೇ. ತೂತಿಯಾ ಎಂಬುದೂ ರಸಕವೆಂಬುದೂ ಸತುವಿನ ಅದಿರಿಗೆ ಸಲ್ಲುವ ಮಾತುಗಳು. ಹೀಗೆ ಪಾರಸೀಯ ಹೆಸರು ಸಂಸ್ಕೃತದ ಹೆಸರಿನ ಪದಶಃ ಭಾಷಾಂತರದಂತೆ ಕಾಣುತ್ತದೆ. ‘ತೂತಿಯಾ’ ಎಂಬುದೇ ಸಂಸ್ಕೃತದ ‘ತುತ್ಥ’ದಿಂದ ಹೋದುದೆಂದು ಹಲವರು ವಿದ್ವಾಂಸರು ಅಭಿಪ್ರಾಯಪಟ್ಟಿರುವರು. ತೆಲುಗರು ಸತುವನ್ನು ‘ತುತ್ತುನಾಗಮು’ ಎನ್ನುವರು. ತಮಿಳಿನಲ್ಲಿಯೂ ಇದೇ ಮಾತುಂಟು. ತುತ್ಥದ ನಾಗ, ಅಂದರೆ ತುತ್ಥದಿಂದ ಬಂದ ಸೀಸದಂತಹ ಲೋಹವೆಂದು ಅದನ್ನು ಬಿಡಿಸಬಹುದು. ಈ ಮಾತು ಪೋರ್ತುಗೀಜರ ಬಾಯಿಗೂ ಇಂಗ್ಲೀಷರ ಲೆಕ್ಕದ ಪುಸ್ತಕಕ್ಕೂ ಏರಿ, 17ನೆಯ ಶತಮಾನದಲ್ಲಿ ಚೀನಾದಿಂದ ಡಚ್ಚರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿಳಿದ ಸತುವಿಗೂ ಇದೇ ಹೆಸರು ನಿಂತಿತು. ಬಿದರಿಗಳು ಹೇರಳವಾಗಿ ಕಾಣಿಸಿಕೊಳ್ಳುವ ಕಾಲವೂ, ದಖ್ಖಣಕ್ಕೆ ಹಡಗಿನ ಸತು ಹೇರಳವಾಗಿ ಬಂದ ಕಾಲವೂ ಒಂದೇ ಎಂಬುದನ್ನು ಇಲ್ಲಿ ಗುರುತು ಮಾಡಿಟ್ಟಿರಬೇಕು.

ಸಂಸ್ಕೃತದಲ್ಲಿ ಇದಕ್ಕೆ ಲೋಹವೆಂಬ ಸ್ಥಾನವು ತಡವಾಗಿ ಸಿಕ್ಕಿತು. 1374ರ ಮದನಪಾಲನಿಘಂಟಿನಲ್ಲಿ ‘ಜಸದ’ವೆಂದೂ, ಭಾವಮಿಶ್ರನ ಭಾವಪ್ರಕಾಶದಲ್ಲಿ ‘ಯಶದ’ವೆಂದೂ ಇದು ಬರುತ್ತದೆ. ಯಶಸ್ಸನ್ನು ಕೊಡುವುದೆಂದು ‘ಯಶದ’ಕ್ಕೆ ಅರ್ಥ ಹೇಳುವುದು ವೈದ್ಯರ ಚಮತ್ಕಾರ, ದೇಶಭಾಷೆಯ ಮಾತೊಂದಕ್ಕೆ ಸಂಸ್ಕೃತದ ಉಡುಪು ತೊಡಿಸಿದಂತಿದೆ. ನಮ್ಮ ಕನ್ನಡದ ‘ಸತು’ವಾದರೋ ಬೇರೆಯೇ ದಾರಿಯದು. ಅದು ರಸಶಾಸ್ತ್ರದ ‘ಸತ್ತ್ವ’ದ ತದ್ಭವವೆಂದು ನನ್ನ ಊಹೆ. ಅದಿರಿನಿಂದ ಇಳಿದ ಸಾರಕ್ಕೆ ಮೂಸೆಯ ಮುಂದೆ ಕುಳಿತವನು ಹೇಳುತ್ತಿದ್ದ ಮಾತು, ಕಾಲಕ್ರಮದಲ್ಲಿ ಎಲ್ಲ ಸತ್ತ್ವಗಳಿಗೂ ಸಲ್ಲದೆ ಇದೊಂದಕ್ಕೇ ನಿಂತಿತೆನ್ನಬಹುದು. ಶಬ್ದಶಾಸ್ತ್ರಜ್ಞರು ಇದನ್ನು ಪರೀಕ್ಷಿಸಬೇಕಾಗಿ ವಿನಂತಿ.

ಲೋಹವು ನಮ್ಮದಾದರೆ ಕೈ ಯಾರದು? ಇಲ್ಲಿ ಎರಡನೆಯ ಪಕ್ಷದವರು ನಿರಾಶೆಗೊಳ್ಳಬೇಕಾಗುವುದು. ಎರಕವಾದ ಪಾತ್ರೆಯನ್ನು ಅರದಿಂದ ತೀಡಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಆ ಕಪ್ಪಿನ ಮೇಲೆ ಮೊನೆಯಿಂದ ಚಿತ್ರವನ್ನು ಗೀರಿ, ಚಾಣದಿಂದ ತೋಡಿ, ತೋಡಿದ ಕಾಲುವೆಯಲ್ಲಿ ಬೆಳ್ಳಿಯನ್ನಿಟ್ಟು ಬಡಿದು ಕೂರಿಸುವರು. ಈ ಬೆಳ್ಳಿ ಕೂರಿಸುವ ಕ್ರಮಗಳಿಗೆ ಇರುವ ಹೆಸರುಗಳೆಲ್ಲ ಪಾರಸೀಯವೇ. ತಂತಿಯನ್ನು ಕೂರಿಸಿದರೆ ‘ತಾರಕಶಿ’; ತಗಡನ್ನು ಕತ್ತರಿಸಿ ಆಳದಲ್ಲಿ ಕೂರಿಸಿದರೆ ‘ತಹನಿಶಾನ್’; ಮೈಯಿಂದ ಉಬ್ಬಿ ನಿಲ್ಲುವಂತೆ ಮಾಡಿದರೆ ‘ಜರನಿಶಾನ್’, ‘ಜರಬುಲಂದ್’. ಕೊನೆಯ ಎರಡರಲ್ಲಿರುವ ‘ಜರ್’ ಎಂಬುದಕ್ಕೆ ಚಿನ್ನವೆಂದು ಅರ್ಥ. ಬಿದರಿಯಲ್ಲಿ ಕೂರಿಸುವುದು ಸಾಮಾನ್ಯವಾಗಿ ಬೆಳ್ಳಿ. ಹೆಸರು ಮಾತ್ರ ಚಿನ್ನದ್ದು! ಬಿದರಿಗಾಗಿ ಹುಟ್ಟಿದ ಹೆಸರುಗಳಾಗಿದ್ದರೆ ಹೀಗಾಗುತ್ತಿರಲಿಲ್ಲ. ಕತ್ತಿಯ ಹಿಡಿಗೂ ಕವಚಕ್ಕೂ ಚಿನ್ನವನ್ನು ಕೂರಿಸುತ್ತಿದ್ದ ಕೈಗಳು ಆ ಹೆಸರುಗಳೊಡನೆಯೇ ಬಂದು ಸತುವಿನ ಮೇಲೆ ಕೆಲಸ ಮಾಡಿದುವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಖುರಾಸಾನದಲ್ಲಿಯೂ ಮೋಸುಲಿನಲ್ಲಿಯೂ 12, 13ನೆಯ ಶತಮಾನಗಳಲ್ಲಿಯೇ ಹಿತ್ತಾಳೆಯ ಮೇಲೆ ಬೆಳ್ಳಿ ಕೂರಿಸುವ ಕೆಲಸ ಉಚ್ಛ್ರಾಯಕ್ಕೆ ಬಂದಿದ್ದಿತು. ಆದುದರಿಂದ ಅಬ್ದುಲ್ಲಾ ಬಿನ್ ಕೈಸರನ ಕಥೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಅನ್ಯಾಯವೇ. ಹೆಸರಿನ ವ್ಯಕ್ತಿ ಇರಲಿ ಬಿಡಲಿ, ಅಂತಹವರು ಬಂದಿದ್ದರು.

ಮೂರನೆಯದು ಕಪ್ಪು. ಬಿದರಿಯ ಪ್ರಾಣವಿರುವುದು ಅದರಲ್ಲಿ. ಬೆಳ್ಳಿ ಕೂರಿಸಿ ಉಜ್ಜಿದ ಪಾತ್ರೆಯು ಬೂದುಬಣ್ಣದ್ದಾಗಿರುತ್ತದೆ. ಬೆಳ್ಳಿಗೂ ಸತುವಿಗೂ ಭೇದವೇ ತೋರದು. ಇದನ್ನು ಹದವಾಗಿ ಬಿಸಿ ಮಾಡಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ ಸವರಿ ತಿಕ್ಕುವರು. ಕೆಲಸದ ಮನೆಯೊಂದರಲ್ಲಿ ನಿಂತು ಇದನ್ನು ನೋಡಿದೆ. ಕಣ್ಣೆದುರಿಗೇ ಬೂದುಬಣ್ಣವು ಕಾಡಿಗೆಯಂತೆ ಕಪ್ಪಾಯಿತು. ಬೆಳ್ಳಿಯ ಬಳ್ಳಿ ಅಲುಗದೆ ಬೆಳ್ಳಗೆ ನಿಂತಿತು. ಆಮೇಲೆ ತೊಳೆದು ಎಣ್ಣೆ ತಿಕ್ಕುವರು. ಮೇಲ್ಮೈಯ ಸತುವನ್ನು ನವಸಾಗರವು ಕರಗಿಸಿ ತೆಗೆಯುವುದೆಂದೂ, ಉಳಿದ ತಾಮ್ರವು ತೆಳುವಾದ ಕರಿಯ ಪೊರೆಯಾಗುವುದೆಂದೂ, ಬೆಳ್ಳಿಗೆ ಈ ವಿಕಾರವು ತಾಗದೆಂದೂ ರಸಾಯನಶಾಸ್ತ್ರದವರು ಹೇಳುವರು. ಹದಿನಾರಕ್ಕೆ ಒಂದು ಪಾಲು ತಾಮ್ರವನ್ನು ಏಕೆ ಕೂಡಿಸುವರೆಂಬುದಕ್ಕೆ ಇದೇ ಕಾರಣ. ತಾಮ್ರವಿಲ್ಲದ ಸತು ಈ ಬಗೆಯಾಗಿ ಕಪ್ಪಾಗದು.

ಮಣ್ಣನ್ನು ಆರಿಸುವ ಬಗೆಯೇ ಒಂದು ವಿದ್ಯೆ. ಕೋಟೆಯ ಹಳೆಯ ಕಟ್ಟಡಗಳ ಒಳಗೆ, ತಲೆಮಾರುಗಳಿಂದ ಬಿಸಿಲು ಮಳೆಗಳು ತಾಗದ ಎಡೆಯ ಮಣ್ಣೇ ಬೇಕು. ಚಿಟಿಕೆ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ, ಇದು ಆಗುವುದು, ಇದು ಆಗದು ಎಂದು ನಿರ್ಣಯಿಸುವರು. ನನಗೂ ಕೊಟ್ಟರು, ಉಪ್ಪೂ ಒಗರೂ ಕೂಡಿದ ರುಚಿ. ರಸಶಾಸ್ತ್ರದಲ್ಲಿ ದ್ರವ್ಯಪರೀಕ್ಷೆಗೆ ಹೇಳಿರುವ ರೂಪ ರಸ ಸ್ಪರ್ಶಗಳಲ್ಲಿ ರಸಪರೀಕ್ಷೆಯು ಪಾಠಶಾಲೆಗಳಲ್ಲಿ ಸೂತ್ರವಾಗಿ ಮಾತ್ರ ಉಳಿದಿದೆ. ಇಲ್ಲಿ ಅದು ನಿತ್ಯದ ವ್ಯವಹಾರ. ಮಣ್ಣಿನಲ್ಲಿ ಸೇರಿಕೊಂಡಿರುವ ಪೆಟ್ಲುಪ್ಪಿನಂತಹ ಕ್ಷಾರಗಳೇ ಈ ರುಚಿಗೂ ಈ ಗುಣಕ್ಕೂ ಕಾರಣ.

‘ನವಸಾಗರ’ವೆಂಬ ಮಾತಿನ ಮೇಲೆ ಒಂದು ನಿಮಿಷ ನಿಲ್ಲುವುದಕ್ಕೆ ವಾಚಕರ ಅಪ್ಪಣೆ ಬೇಡುತ್ತೇನೆ. ಇದು ಹೊಸ ಸಮುದ್ರವೂ ಅಲ್ಲ, ಒಂಬತ್ತು ಸಮುದ್ರಗಳೂ ಅಲ್ಲ. ಪಾರಸೀಯ ‘ನೌಶಾದರ್’ ಎಂಬುದು ಸಂಸ್ಕೃತಕ್ಕೆ ಬಂದು ‘ನವಸಾರ’ವಾಗಿ, ಕನ್ನಡಕ್ಕೆ ಬರುವಾಗ ಅರ್ಥವಾಗುವ ಮಾತೊಂದರ ಆಕಾರ ತಾಳಿ ‘ನವಸಾಗರ’ವಾಯಿತು. ಆದರೆ ರಸರತ್ನಸಮುಚ್ಚಯಕಾರನು ಇದಕ್ಕೆ ‘ಚೂಲಿಕಾಲವಣ’ವೆಂಬ ಬೇರೊಂದು ಹೆಸರನ್ನೂ ಕೊಟ್ಟು, ಇಟ್ಟಿಗೆಯ ಸುಡುವಿಕೆಯಲ್ಲಿ ಇದು ಹುಟ್ಟುವುದೆಂದು ಹೇಳಿರುವನು. ಹೆಸರು ಹೊರಗಿನಿಂದ ಬಂದಿದೆ, ದ್ರವ್ಯದ ಅರಿವು ಇಲ್ಲಿಯೂ ಇದ್ದಿತು. ಮೈಲುತುತ್ತವು ಮಯೂರತುತ್ಥದ ತದ್ಭವವೆಂಬುದನ್ನು ವಿವರಿಸಬೇಕಾದುದಿಲ್ಲ. ಹೀಗೆ ಒಂದು ಅಂಗೈಯಗಲದ ಡಬ್ಬಿಯ ಮೇಲೆ ಕನ್ನಡದ ಊರು, ಸಂಸ್ಕೃತದ ಸತ್ತ್ವ, ತೆಲುಗಿನ ಗಡಿ, ಪಾರಸೀಯ ತಾರು, ಎರಡು ಕಡೆಯ ಕ್ಷಾರಗಳು ಒಂದರ ಮೇಲೊಂದು ಕುಳಿತಿರುವುವು.

ಕರಿದರ ಮೇಲೆ ಬಿಳಿದನ್ನು ಮೂಡಿಸುವ ಅಭಿರುಚಿಗೆ ಬೀದರಿನ ಕೋಟೆಯಲ್ಲಿಯೇ ಇನ್ನೊಂದು ಸಾಕ್ಷಿಯುಂಟು. ಅಲಿ ಬರೀದನು (1542–1580) ಕಟ್ಟಿಸಿದ ರಂಗೀನ ಮಹಲಿನ ಒಳಬಾಗಿಲಲ್ಲಿ ಕಾಡಿಗೆಗಪ್ಪಿನ ಕಲ್ಲನ್ನು ತೋಡಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ, ಬಳ್ಳಿಗಳನ್ನೂ ಪಾರಸೀ ಪದ್ಯಗಳನ್ನೂ ಬಿಡಿಸಿದೆ. ಗುಲಾಂ ಯಜದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಚರಿತ್ರೆಯಲ್ಲಿ ಈ ಮಹಲನ್ನು ವಿಸ್ತಾರವಾಗಿ ವರ್ಣಿಸಿರುವರು. ಅದನ್ನು ನೋಡಿ ಬಂದ ಕಣ್ಣಿನಿಂದ ಬಿದರಿಯ ತಟ್ಟೆಯೊಂದನ್ನು ನೋಡಿದರೆ ಎರಡೂ ಒಂದೇ ಮನಸ್ಸಿನ ಕೆಲಸವೆಂದು ತೋರದಿರದು. ಕಲ್ಲಿನಲ್ಲಿ ಮೊದಲು ಹುಟ್ಟಿ ಲೋಹಕ್ಕೆ ಇಳಿಯಿತೋ, ಲೋಹದಲ್ಲಿ ಕಂಡುದನ್ನು ಕಲ್ಲಿಗೆ ಏರಿಸಿದರೋ ಎಂಬುದನ್ನು ಬಿಟ್ಟರೂ, 16ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಊರಿನಲ್ಲಿ ಅಂತಹ ರುಚಿಯೂ ಅಂತಹ ಕೈಯೂ ಕೂಡಿದ್ದುವೆಂಬುದು ನಿಶ್ಚಯ. ಬಿದರಿಯು ನಾವು ಈಗ ಕಾಣುವ ರೂಪಕ್ಕೆ ಬಂದುದು ಬಹಮನಿಗಳ ಆರಂಭಕಾಲದಲ್ಲಲ್ಲ, ಬರೀದಶಾಹಿಗಳ ಕಾಲದಿಂದ ಮುಂದಿನ ನೂರು ವರ್ಷಗಳ ಅವಧಿಯಲ್ಲಿ ಎಂದು ನಾನು ತಿಳಿಯುವುದಕ್ಕೆ ಇದೂ ಒಂದು ಕಾರಣ.

ಕೋಟೆಯ ಮಣ್ಣಿನಿಂದಲ್ಲದೆ ಬಿದರಿಯೇ ಆಗದೆಂದು ಅಂಗಡಿಯವರು ಹೇಳುವ ಮಾತನ್ನು ಸ್ವಲ್ಪ ಸಡಿಲವಾಗಿ ತೆಗೆದುಕೊಳ್ಳಬೇಕು. ಈ ಕಸುಬು ಲಖನೌಗೂ ಬಂಗಾಳದ ಮುರ್ಶಿದಾಬಾದಿಗೂ ಬಿಹಾರದ ಪೂರ್ಣಿಯಾಕ್ಕೂ ಹೋಗಿ ಅಲ್ಲಿ ಬಹುಕಾಲ ನಡೆಯಿತು. ಅಲ್ಲಿಯವರು ತಮ್ಮ ನೆಲದ ಕ್ಷಾರಗಳಿಂದಲೇ ಕಪ್ಪು ಮಾಡಿದರು. ಹೆಸರು ಮಾತ್ರ ಎಲ್ಲಿಯೂ ಬಿದರಿಯೇ. ಅದರಿಂದ ವಸ್ತುಸಂಗ್ರಹಾಲಯಗಳಲ್ಲಿ ಬಿದರಿಯೆಂಬ ಚೀಟಿಯನ್ನು ಕಂಡೊಡನೆ ಅದು ಬೀದರಿನದೆಂದು ಭಾವಿಸಲಾಗದು. ಲಖನೌದ ಕೆಲಸದಲ್ಲಿ ಉಬ್ಬುಬೆಳ್ಳಿ ಹೆಚ್ಚು. ಬೀದರಿನವರು ಬೆಳ್ಳಿಯನ್ನು ಮೈಗೆ ಸಮನಾಗಿ ಕೂರಿಸುವುದರಲ್ಲಿ ಗಟ್ಟಿಗರು. ಬೆರಳು ಆಡಿಸಿದರೆ ಎಲ್ಲಿಯೂ ತೊಡಕದು. ಹೋದಲ್ಲಿ ಬಹುಮಟ್ಟಿಗೆ ಅಳಿದು, ಹುಟ್ಟಿದಲ್ಲಿ ಉಳಿದಿದೆ. ಹೈದರಾಬಾದಿನಲ್ಲಿಯೂ ಇದನ್ನು ಮಾಡುವವರು ಈಗಲೂ ಇರುವರು.

ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಥಾನಗಳು ಕುಗ್ಗಿ ಗುಡುಗುಡಿಯ ಬಳಕೆ ಕಡಮೆಯಾದಂತೆ ಬಿದರಿಗೆ ಗಿರಾಕಿಗಳು ತಪ್ಪಿದರು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಟ್ಟ ಬಿದರಿಗಳಿಗೆ ಅಲ್ಲಿಯ ರಸಿಕರ ಮೆಚ್ಚಿಕೆ ಬಂದಿತು. ಹೊಟ್ಟೆಗೆ ಅದರಿಂದ ಎಷ್ಟು ಬಂದಿತೆಂಬುದು ಬೇರೆ ಮಾತು. ಮುಂದೆ ಬಂದುದು ಹೂದಾನಿ, ಕಡಗ, ಕಾಗದದೊತ್ತು, ಗುಂಡಿ, ದೇವರ ವಿಗ್ರಹಗಳ ಕಾಲ. ಇದನ್ನು ಕೆಲವರು ಅವನತಿಯೆನ್ನುವರು. ನನಗೆ ಹಾಗೆನ್ನಿಸದು. ಗುಡುಗುಡಿಯೂ ತನ್ನ ಕಾಲದಲ್ಲಿ ಹೊಸ ಪದಾರ್ಥವೇ ಆಗಿದ್ದಿತಷ್ಟೆ. ಕೊರತೆಯಾಗಿರುವುದು ಚಿತ್ರಗಳಲ್ಲಿ: ಹಳೆಯ ಪಾತ್ರೆಗಳ ಗಸಗಸೆಯ ಗಿಡ, ಅಶರಫಿ ಹೂವು, ಫೂಲಝಡಿಗಳಲ್ಲಿ ಎಲೆಯ ತೊಟ್ಟು ಕೂಡ ಬಾಗಿ ನಡೆಯುತ್ತಿದ್ದಿತು, ಬೇಗ ಮಾರಲೆಂದು ಮಾಡಿದವುಗಳಲ್ಲಿ ಆ ಬಾಗು ಇಲ್ಲ.

2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕವೆಂಬ ಕಾನೂನಿನ ರಕ್ಷಣೆ ದೊರೆಯಿತು. 2023ರಲ್ಲಿ ಬೀದರಿನ ಹಿರಿಯ ಕುಶಲಿಗಳಾದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಿರುದು ಬಂದಿತು. ಈ ಮನ್ನಣೆಗಳ ನಡುವೆಯೂ ಸಣ್ಣ ಕೆಲಸದ ಮನೆಯವರು ಮೊದಲು ಹೇಳುವುದು ಬೆಳ್ಳಿಯ ಬೆಲೆಯನ್ನು. ಬೆಳ್ಳಿ ಏರಿದ ವರ್ಷ ತಂತಿಯು ತೆಳುವಾಗುವುದು, ತಗಡಿನ ಕೆಲಸ ನಿಲ್ಲುವುದು. ಚಾಣದ ಕೆಲಸಕ್ಕೆ ಕಣ್ಣು ಚುರುಕಾಗಿರಬೇಕು, ಕಲಿಯುವುದಕ್ಕೆ ವರ್ಷಗಳು ಬೇಕು. ಶಾಲೆ ಮುಗಿಸಿದ ಹುಡುಗರು ಆ ಚಾಪೆಯ ಮೇಲೆ ಕುಳಿತುಕೊಳ್ಳಲು ಒಪ್ಪುವುದು ಅಪರೂಪವಾಗುತ್ತಿದೆಯೆಂದು ಅವರ ದೂರು.

ಈ ವಿಷಯದಲ್ಲಿ ಮುಂದಿನ ಕೆಲಸ ಎರಡು ಬಗೆಯದು. ಮೊದಲನೆಯದಾಗಿ, ಕಾಲದ ಅಂಕವಿರುವ ಅಥವಾ ಮಾಡಿಸಿದವರ ಹೆಸರಿರುವ ಹಳೆಯ ಬಿದರಿಯು ಯಾವ ಮನೆತನದಲ್ಲಿ, ಮಠದಲ್ಲಿ, ದರ್ಗಾದಲ್ಲಿ ಇದ್ದರೂ ಅದರ ಅಕ್ಷರಗಳನ್ನು ಪ್ರತಿಮಾಡಿ ಪ್ರಕಟಿಸಬೇಕು. ಎರಡನೆಯದಾಗಿ, ಕೆಲಸದ ಮನೆಗಳಲ್ಲಿ ಈಗಲೂ ಬಳಕೆಯಲ್ಲಿರುವ ಉಪಕರಣಗಳ, ಚಿತ್ರಗಳ, ಮಣ್ಣಿನ ಬಗೆಗಳ ಹೆಸರುಗಳನ್ನು ಕನ್ನಡ ಮಾತಾಡುವ ಮನೆಗಳಲ್ಲಿ ಬೇರೆ, ಉರ್ದೂ ಮಾತಾಡುವ ಮನೆಗಳಲ್ಲಿ ಬೇರೆ, ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಬೀದರು, ಭಾಲ್ಕಿ, ಬಸವಕಲ್ಯಾಣಗಳ ಕಡೆಯ ಉಪಾಧ್ಯಾಯರಿಗೆ ಇದು ರಜದ ದಿನಗಳಲ್ಲಿ ಮಾಡಬಹುದಾದ ಕೆಲಸ. ಎರಕಕ್ಕೆ ಮಣ್ಣು, ಹರಳೆಣ್ಣೆ, ರಾಳಗಳನ್ನು ಕೂಡಿಸಿ ಅಚ್ಚು ಮಾಡುವವನಿಂದ ಆರಂಭಿಸಿದರೆ ಒಳ್ಳೆಯದು. ಚಿತ್ರ ಕೆತ್ತುವವನ ಮಾತುಗಳನ್ನು ಕೇಳಿ ಬರೆದವರು ಹಲವರಿದ್ದಾರೆ. ಒಲೆಯ ಮುಂದೆ ಕುಳಿತಿರುವವನನ್ನು ಕೇಳಿದವರು ಕಡಮೆ.